ಅಂಕಿಯ ಹೊಸ್ತಿಲು: ಓದುತೊಡಕು, ಬುದ್ಧಿಮಾಪನ ಮತ್ತು ಕಾಫಿ ಸೀಮೆಯ ಶಾಲೆ

೧

ಓದು ಬರೆಹದಲ್ಲಿ ಹಿಂದೆ ಬಿದ್ದ ಮಗುವಿಗೆ ಶಾಲೆ ನೆರವಾಗಬೇಕೆಂಬ ಮಾತಿನಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಾರದು. ಆದರೆ ಆ ನೆರವಿಗೆ ಮೊದಲು ಮಗುವಿನ ಬುದ್ಧಿಯನ್ನು ಅಳೆಯಬೇಕು, ಅಳತೆಯ ಫಲ ಗೊತ್ತಾದ ಒಂದು ಅಂಕಿಯನ್ನು ದಾಟಿದರೆ ಮಾತ್ರ ಮುಂದಿನ ಬಾಗಿಲು ತೆರೆಯಬೇಕು ಎಂಬ ಮಾತು ಬೇರೆ. ಅದನ್ನು ಪರಾಮರ್ಶಿಸದೆ ಒಪ್ಪುವಂತಿಲ್ಲ. ಈ ಪರಾಮರ್ಶೆಯೇ ಪ್ರಕೃತ ಲೇಖನದ ಉದ್ದೇಶ. ವಿಮರ್ಶೆಗೆ ನಾವು ಎತ್ತಿಕೊಂಡಿರುವ ಪಾಠಗಳು ಎರಡು: ೨೦೧೬ರ ಅಂಗವಿಕಲರ ಹಕ್ಕುಗಳ ಅಧಿನಿಯಮ ಒಂದು, ಅದರ ಅಡಿಯಲ್ಲಿ ೨೦೧೮ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ, ನ್ಯೂನತೆಗಳನ್ನು ನಿರ್ಣಯಿಸುವ ಮಾರ್ಗಸೂಚಿ ಇನ್ನೊಂದು. ಇವನ್ನು ಒರೆಗೆ ಹಚ್ಚಿ ನೋಡಲು ಆರಿಸಿಕೊಂಡಿರುವ ನೆಲ ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ಸೀಮೆ. ರಾಜಧಾನಿಯಲ್ಲಿ ಸರಾಗವಾಗಿ ನಡೆಯುವ ನಿಯಮ ಘಟ್ಟದ ತಿರುವಿನಲ್ಲಿ ಹೇಗೆ ನಡೆಯುತ್ತದೆಂಬುದನ್ನು ನೋಡಿದಲ್ಲದೆ ಅದರ ಗುಣದೋಷ ಪೂರ್ತಿ ತಿಳಿಯುವುದಿಲ್ಲ.

ಡಿಸ್‌ಲೆಕ್ಸಿಯಾ ಎಂಬುದನ್ನು ನಾವಿಲ್ಲಿ ಓದುತೊಡಕು ಎಂದು ಕರೆಯುತ್ತೇವೆ. ಕಣ್ಣು ಕಿವಿಗಳಲ್ಲಿ ದೋಷವಿಲ್ಲದಿದ್ದರೂ, ಕಲಿಸುವವರು ಕಲಿಸಿದರೂ, ಬರೆದ ಗುರುತನ್ನು ಮಾತಿನ ಧ್ವನಿಗೆ ಹೊಂದಿಸುವ ಕೆಲಸದಲ್ಲಿ ಮಗು ಬಿಡದೆ ಎಡವುತ್ತಿರುವುದು ಇದರ ಮುಖ್ಯ ಲಕ್ಷಣ. ಇದು ಸೋಮಾರಿತನವಲ್ಲ; ಗದರಿಸಿದರೆ ಹೋಗುವಂಥದೂ ಅಲ್ಲ.

೨

ಓದುತೊಡಕಿನ ಕಲ್ಪನೆಯೂ ಬುದ್ಧಿಮಾಪನದ ಕಲ್ಪನೆಯೂ ಬೇರೆ ಬೇರೆ ಮನೆಗಳಲ್ಲಿ ಹುಟ್ಟಿದವು. ೧೮೯೬ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಹದಿನಾಲ್ಕು ವರ್ಷದ ಒಬ್ಬ ಹುಡುಗನ ವಿಷಯವನ್ನು ವೈದ್ಯಪತ್ರಿಕೆಯೊಂದರಲ್ಲಿ ಬರೆದನು. ಹುಡುಗ ಚುರುಕು, ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವಂತಿದ್ದರೆ ಶಾಲೆಯಲ್ಲಿ ಇವನೇ ಮೊದಲಿಗನಾಗುತ್ತಿದ್ದನೆಂದು ಅವನ ಉಪಾಧ್ಯಾಯರ ಅಭಿಪ್ರಾಯ. ಆದರೂ ಅವನಿಗೆ ಓದಲು ಬಾರದು. ಈ ಸ್ಥಿತಿಗೆ ಮಾರ್ಗನ್ ಜನ್ಮಜಾತ ಪದಾಂಧತೆಯೆಂದು ಹೆಸರಿಟ್ಟನು. ಇಲ್ಲಿ ಒಂದು ಅಂಶ ಗಮನಾರ್ಹ. ಅಂದು ವೈದ್ಯರ ಬಳಿಗೆ ಬರುತ್ತಿದ್ದವರು ಸ್ಥಿತಿವಂತರ ಮನೆಯ, ಒಳ್ಳೆಯ ಶಾಲೆಗೆ ಹೋಗುತ್ತಿದ್ದ ಮಕ್ಕಳು. ಬಡವರ ಮಗು ಓದಲಾರದಿದ್ದರೆ ಅದಕ್ಕೆ ಕಾರಣ ಹುಡುಕುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಆದ್ದರಿಂದ ಮೊದಲು ಕಣ್ಣಿಗೆ ಬಿದ್ದವರ ಗುಣವೇ ತೊಡಕಿನ ಲಕ್ಷಣವಾಗಿ ನಿಂತಿತು: ಬುದ್ಧಿಯುಂಟು, ಅನುಕೂಲವುಂಟು, ಓದು ಮಾತ್ರ ಇಲ್ಲ.

ಬುದ್ಧಿಮಾಪನ ಹುಟ್ಟಿದ್ದು ಪ್ಯಾರಿಸಿನಲ್ಲಿ. ಕಲಿಕೆಯಲ್ಲಿ ಹಿಂದುಳಿದ ಮಕ್ಕಳನ್ನು ಗುರುತಿಸಿ ಅವರಿಗೆ ತಕ್ಕ ಶಿಕ್ಷಣ ಕೊಡಬೇಕೆಂಬ ಸರ್ಕಾರದ ಅಪೇಕ್ಷೆಯ ಮೇರೆಗೆ ಆಲ್‌ಫ್ರೆಡ್ ಬಿನೆ, ಥಿಯೋಡೋರ್ ಸಿಮೋನ್ ಇಬ್ಬರೂ ೧೯೦೫ರಲ್ಲಿ ತಮ್ಮ ಮಾಪಕವನ್ನು ಪ್ರಕಟಿಸಿದರು. ನೆರವು ಯಾರಿಗೆ ಬೇಕೆಂದು ತಿಳಿಯುವುದು ಅದರ ಗುರಿಯಾಗಿತ್ತೇ ಹೊರತು ಯಾರಿಗೆ ಬೇಡವೆಂದು ತೀರ್ಮಾನಿಸುವುದಲ್ಲ. ಬುದ್ಧಿ ಹುಟ್ಟಿನಿಂದ ನಿಶ್ಚಿತವಾದ, ಹೆಚ್ಚಿಸಲಾಗದ ಒಂದು ಪರಿಮಾಣವೆಂಬ ವಾದವನ್ನು ಬಿನೆ ೧೯೦೯ರ ತನ್ನ ಗ್ರಂಥದಲ್ಲಿ ಕಟುವಾಗಿ ಖಂಡಿಸಿದ್ದಾನೆ. ಅವನು ೧೯೧೧ರಲ್ಲಿ ತೀರಿಕೊಂಡನು. ೧೯೧೬ರಲ್ಲಿ ಅಮೆರಿಕೆಯ ಟರ್ಮನ್ ಆ ಮಾಪಕವನ್ನು ಪರಿಷ್ಕರಿಸಿ, ಫಲವನ್ನು ಒಂದೇ ಅಂಕಿಯಲ್ಲಿ ಹೇಳುವ ಬುದ್ಧಿಲಬ್ಧವನ್ನು ಬಳಕೆಗೆ ತಂದನು. ಇಂದು ಜನ ಐ.ಕ್ಯೂ. ಎನ್ನುವುದು ಅದನ್ನೇ.

ಈ ಎರಡು ಧಾರೆಗಳು ವಿಧಿವತ್ತಾಗಿ ಕೂಡಿದ್ದನ್ನು ೧೯೬೮ರಲ್ಲಿ ವಿಶ್ವ ನರವಿಜ್ಞಾನ ಒಕ್ಕೂಟ ಕೊಟ್ಟ ವ್ಯಾಖ್ಯೆಯಲ್ಲಿ ಕಾಣಬಹುದು. ವಾಡಿಕೆಯ ಶಿಕ್ಷಣ, ಸಾಕಷ್ಟು ಬುದ್ಧಿ, ಸಾಮಾಜಿಕ-ಸಾಂಸ್ಕೃತಿಕ ಅವಕಾಶ ಈ ಮೂರೂ ಇದ್ದು ಓದು ಬಾರದಿದ್ದರೆ ಅದು ಓದುತೊಡಕು ಎಂಬುದು ಅದರ ಸಾರ. ಮೇಲುನೋಟಕ್ಕೆ ವ್ಯಾಖ್ಯೆ ನಿರ್ದುಷ್ಟವಾಗಿ ತೋರುತ್ತದೆ. ವಿಚಾರಮಾಡಿದರೆ, ಇದು ತೊಡಕು ಏನೆಂದು ಹೇಳುವುದಕ್ಕಿಂತ ಯಾರಿಗೆ ಆ ಹೆಸರನ್ನು ಕೊಡಬಾರದೆಂದು ಹೇಳುತ್ತದೆ. ಅವಕಾಶವಿಲ್ಲದ ಮಗುವಿಗೆ ಆ ತೊಡಕಿರಬಾರದೆಂದು ಪ್ರಕೃತಿಯ ನಿಯಮವೇನೂ ಇಲ್ಲ. ಬಡತನವೂ ಓದುತೊಡಕೂ ಒಂದೇ ಮಗುವಿನಲ್ಲಿ ಒಟ್ಟಿಗೆ ಇರಬಹುದು. ಇದ್ದರೆ ಆ ಮಗುವಿಗೆ ಬೇಕಾದ ನೆರವು ಹೆಚ್ಚೇ ಹೊರತು ಕಡಿಮೆಯಲ್ಲ.

೩

ಕನ್ನಡ ನಾಡಿಗೆ ಬುದ್ಧಿಮಾಪನ ಹೊಸತಲ್ಲ. ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ವ್ಯಾಸಂಗ ಮಾಡಿ ಬಂದ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ಅಧ್ಯಯನಕ್ಕೆ ಬುನಾದಿ ಹಾಕಿದರು. ಉತ್ತರದಲ್ಲಿ ವಿ. ವಿ. ಕಾಮತ್ ಅವರು ಬಿನೆಯ ಮಾಪಕವನ್ನು ಧಾರವಾಡ ಸೀಮೆಯ ಮಕ್ಕಳಿಗೆ ಕನ್ನಡ, ಮರಾಠಿಗಳಲ್ಲಿ ಹೊಂದಿಸಿ, ಭಾರತೀಯ ಮಕ್ಕಳ ಬುದ್ಧಿಯ ಅಳತೆಯನ್ನು ಕುರಿತ ಇಂಗ್ಲಿಷ್ ಗ್ರಂಥವನ್ನು ೧೯೪೦ರಲ್ಲಿ ಹೊರತಂದರು. ಪರದೇಶದ ಪ್ರಶ್ನೆಗಳನ್ನು ಹಾಗೆಯೇ ಭಾಷಾಂತರಿಸದೆ ಇಲ್ಲಿಯ ಮಕ್ಕಳನ್ನು ಕೇಳಿ ನೋಡಿ ಅಳವಡಿಸಿದ್ದು ಅವರ ಕಾರ್ಯದ ಹಿರಿಮೆ. ಬಿನೆ–ಕಾಮತ್ ಪರೀಕ್ಷೆಯೆಂದು ಅದು ನಮ್ಮ ಚಿಕಿತ್ಸಾಲಯಗಳಲ್ಲಿ ಬಹುಕಾಲ ಬಳಕೆಯಲ್ಲಿ ಉಳಿಯಿತು. ೧೯೬೯ರಲ್ಲಿ ನಾಗಪುರದ ಎ. ಜೆ. ಮ್ಯಾಲಿನ್ ಅವರು ವೆಕ್ಸ್ಲರ್ ಮಾಪಕವನ್ನು ಭಾರತೀಯ ಮಕ್ಕಳಿಗೆ ಅಳವಡಿಸಿದರು. ಮಿಸಿಕ್ ಎಂದು ಕರೆಯುವ ಈ ಮಾಪಕದ ಒಂದು ಭಾಗ ಸಾಮಾನ್ಯಜ್ಞಾನ, ಶಬ್ದಸಂಪತ್ತು, ಲೆಕ್ಕ, ಹೋಲಿಕೆ ಮೊದಲಾದ ಮಾತಿನ ಪರೀಕ್ಷೆಗಳು. ಇನ್ನೊಂದು ಭಾಗ ಚಿತ್ರ, ಘನ, ಜೋಡಣೆಗಳಿಂದ ನಡೆಯುವ ಕೈಕೆಲಸದ ಪರೀಕ್ಷೆಗಳು.

ಈ ಕೆಲಸಗಳನ್ನು ನಾವು ಗೌರವದಿಂದಲೇ ಸ್ಮರಿಸುತ್ತೇವೆ. ಆದರೆ ಯಾವ ಮಾಪಕವಾದರೂ ಅದನ್ನು ಯಾವ ಕಾಲದಲ್ಲಿ, ಯಾವ ಮಕ್ಕಳ ಮೇಲೆ ಪ್ರಮಾಣೀಕರಿಸಲಾಯಿತೋ ಅವರ ನಡುವೆಯೇ ಹೆಚ್ಚು ನಂಬಲರ್ಹ. ೧೯೪೦ರ ಧಾರವಾಡವಾಗಲಿ ೧೯೬೯ರ ನಾಗಪುರವಾಗಲಿ ಇಂದಿನ ಕಳಸವಲ್ಲ. ಕಾಲ ಕಳೆದಂತೆ ಹಳೆಯ ಪ್ರಮಾಣಗಳು ಮಕ್ಕಳ ಅಂಕಿಯನ್ನು ವಾಸ್ತವಕ್ಕಿಂತ ಮೇಲಕ್ಕೆತ್ತುತ್ತವೆಂದು ಜೇಮ್ಸ್ ಫ್ಲಿನ್ ೧೯೮೦ರ ದಶಕದಲ್ಲಿ ಹಲವು ದೇಶಗಳ ದತ್ತಾಂಶದಿಂದ ತೋರಿಸಿದರು. ಪರಿಚಯವಿಲ್ಲದ ಭಾಷೆಯೂ ಸಂದರ್ಭವೂ ಅಂಕಿಯನ್ನು ಕೆಳಕ್ಕೆಳೆಯುತ್ತವೆ. ಮೇಲಕ್ಕೊಂದು ಕೆಳಕ್ಕೊಂದು ದೋಷವಿದ್ದ ಮಾತ್ರಕ್ಕೆ ತಕ್ಕಡಿ ಸರಿಯಾಯಿತೆನ್ನುವಂತಿಲ್ಲ.

೪

ಈಗ ಎರಡು ಪಾಠಗಳನ್ನು ಅಕ್ಕಪಕ್ಕದಲ್ಲಿಟ್ಟು ಓದೋಣ. ೧೯೯೫ರ ಹಿಂದಿನ ಕಾನೂನಿನಲ್ಲಿ ಕಲಿಕೆಯ ನ್ಯೂನತೆಗೆ ಸ್ಥಾನವಿರಲಿಲ್ಲ. ೨೦೧೬ರ ಅಧಿನಿಯಮ ಗುರುತಿಸಿದ ೨೧ ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಮಾತಿನ ಅಥವಾ ಬರೆಹದ ಭಾಷೆಯನ್ನು ಗ್ರಹಿಸಿ ನಿರ್ವಹಿಸುವಲ್ಲಿ ಕೊರತೆ, ಅದರಿಂದ ಓದು, ಬರೆಹ, ಕಾಗುಣಿತ, ಲೆಕ್ಕ ಮೊದಲಾದವುಗಳಲ್ಲಿ ತೋರುವ ಕಷ್ಟ ಎಂಬುದು ಅಲ್ಲಿಯ ವ್ಯಾಖ್ಯೆಯ ತಾತ್ಪರ್ಯ. ಇದರಲ್ಲಿ ಬುದ್ಧಿಲಬ್ಧದ ಪ್ರಸ್ತಾಪವೇ ಇಲ್ಲ. ಅಷ್ಟೇ ಅಲ್ಲದೆ, ಇಂಥ ನ್ಯೂನತೆಯನ್ನು ಆದಷ್ಟು ಬೇಗ ಪತ್ತೆಹಚ್ಚಿ ಬೋಧನೆಯ ಮೂಲಕವೂ ಇತರ ರೀತಿಯಲ್ಲೂ ತಕ್ಕ ಕ್ರಮ ಕೈಗೊಳ್ಳುವ ಹೊಣೆಯನ್ನು ೧೬ನೆಯ ಪ್ರಕರಣ ಶಿಕ್ಷಣಸಂಸ್ಥೆಗಳ ಮೇಲೆ ಹೊರಿಸುತ್ತದೆ. ಇಲ್ಲಿ ಮುಖ್ಯವಾದ ಪದಗಳು ಎರಡು: ಬೇಗ, ಬೋಧನೆ.

೨೦೧೮ರ ಮಾರ್ಗಸೂಚಿ ಹಿಡಿದ ಹಾದಿ ಬೇರೆ. ಅದರ ಪ್ರಕಾರ ಮೂರನೆಯ ತರಗತಿಯಲ್ಲಿ, ಅಂದರೆ ಎಂಟು ವರ್ಷದ ಹೊತ್ತಿಗೆ, ಶಾಲೆಯಲ್ಲಿ ಪ್ರಾಥಮಿಕ ಶೋಧನೆ. ಬಳಿಕ ಮಕ್ಕಳ ವೈದ್ಯರ ಪರೀಕ್ಷೆ. ಅನಂತರ ಮನಶ್ಶಾಸ್ತ್ರಜ್ಞರಿಂದ ಬುದ್ಧಿಮಾಪನ. ಬುದ್ಧಿಲಬ್ಧ ೮೫ಕ್ಕಿಂತ ಹೆಚ್ಚಿದ್ದರೆ ಮಾತ್ರ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಸಿದ್ಧಪಡಿಸಿದ ಕಲಿಕಾ ನ್ಯೂನತೆಯ ಪರೀಕ್ಷಾಮಾಲೆ. ಎಂಟು ವರ್ಷ ತುಂಬಿದವರಿಗಷ್ಟೇ ಪ್ರಮಾಣಪತ್ರ. ೧೪ರಲ್ಲಿ, ೧೮ರಲ್ಲಿ ಮತ್ತೆ ಪರೀಕ್ಷೆ. ಈ ಮಾರ್ಗಸೂಚಿ ೨೦೨೪ರ ಮಾರ್ಚಿನಲ್ಲಿ ಪರಿಷ್ಕೃತವಾಯಿತು. ಆರು ವರ್ಷ ಜಾರಿಯಲ್ಲಿದ್ದು ಶಾಲೆ ಆಸ್ಪತ್ರೆಗಳ ರೂಢಿಯನ್ನು ರೂಪಿಸಿದ್ದು ೨೦೧೮ರ ಪಾಠವಾದ್ದರಿಂದ ನಮ್ಮ ವಿಮರ್ಶೆ ಅದನ್ನು ಕುರಿತದ್ದು. ಕಾಗದದ ಮೇಲಿನ ನಿಯಮಕ್ಕಿಂತ ರೂಢಿಯ ಆಯುಸ್ಸು ದೀರ್ಘ.

ಮೂಲಪಾಠದಲ್ಲಿಲ್ಲದ ಒಂದು ಅಂಕಿ ಹೀಗೆ ವ್ಯಾಖ್ಯಾನದಲ್ಲಿ ಬಂದು ಹೊಸ್ತಿಲಾಗಿ ಕುಳಿತಿತು. ಈ ೮೫ರ ಅರ್ಥವೇನು? ಬುದ್ಧಿಲಬ್ಧದ ಸರಾಸರಿ ೧೦೦, ಪ್ರಮಾಣ ವಿಚಲನೆ ೧೫ ಎಂದು ಇಟ್ಟುಕೊಂಡಾಗ ಸರಾಸರಿಗಿಂತ ಒಂದು ವಿಚಲನೆ ಕೆಳಗಿನ ಬಿಂದುವೇ ೮೫. ಅಲ್ಲಿ ಪ್ರಕೃತಿ ಗೆರೆ ಎಳೆದಿಲ್ಲ. ಸಂಖ್ಯಾಶಾಸ್ತ್ರದ ಅನುಕೂಲಕ್ಕಾಗಿ ನಾವು ಎಳೆದಿದ್ದೇವೆ. ಬೌದ್ಧಿಕ ನ್ಯೂನತೆಯೆಂಬ ಬೇರೊಂದು ವರ್ಗ ಸುಮಾರಾಗಿ ೭೦ಕ್ಕಿಂತ ಕೆಳಗೆ ಆರಂಭವಾಗುತ್ತದೆ. ಆ ಮಕ್ಕಳಿಗೂ ಕಾನೂನು ನೆರವಿನ ದಾರಿಯನ್ನು ತೋರಿಸಿದೆ. ಹಾಗಾದರೆ ೭೦ಕ್ಕೂ ೮೫ಕ್ಕೂ ನಡುವೆ ಇರುವ ಮಗುವಿನ ಗತಿ ಏನು? ಆದರ್ಶ ವಕ್ರರೇಖೆಯ ಲೆಕ್ಕದಲ್ಲಿ ನೂರರಲ್ಲಿ ಸುಮಾರು ೧೪ ಮಕ್ಕಳು ಈ ನಡುವಿನ ಪಟ್ಟಿಯಲ್ಲಿ ಬರುತ್ತಾರೆ. ೩೦ ಮಕ್ಕಳ ತರಗತಿಯಲ್ಲಿ ನಾಲ್ವರು. ಇವರಲ್ಲಿ ಓದು ಬಾರದವರಿಗೆ ನಿಧಾನ ಕಲಿಕೆಯವರೆಂಬ ಹೆಸರು ಸಿಗುತ್ತದೆ, ಪ್ರಮಾಣಪತ್ರ ಸಿಗುವುದಿಲ್ಲ. ಒಂದು ಬಾಗಿಲಲ್ಲಿ ಬುದ್ಧಿ ಹೆಚ್ಚಾಯಿತೆಂದೂ ಇನ್ನೊಂದು ಬಾಗಿಲಲ್ಲಿ ಬುದ್ಧಿ ಸಾಲದೆಂದೂ ಹೇಳಿಸಿಕೊಂಡು ಅವರು ಹಿಂದಿರುಗಬೇಕು. ಮೇಲಾಗಿ ಇಂಥ ಮಾಪಕಗಳಲ್ಲಿ ಕೆಲವು ಅಂಕಗಳಷ್ಟು ಅಳತೆದೋಷ ಸಹಜ. ಇಂದು ೮೩ ಪಡೆದ ಮಗು ಬೇರೊಂದು ದಿನ ೮೭ ಪಡೆದೀತು. ಅಷ್ಟರ ಮೇಲೆ ಅದರ ಹತ್ತು ವರ್ಷದ ಶಾಲಾಜೀವನ ನಿಂತಿರಬೇಕೆಂಬುದು ಯುಕ್ತವಲ್ಲ.

೫

ಅಂಕಿಯ ಹೊಸ್ತಿಲಿಗೆ ಶಾಸ್ತ್ರೀಯ ಆಧಾರವಾದರೂ ಇದೆಯೇ? ಬುದ್ಧಿ ಹೆಚ್ಚಿದ್ದೂ ಓದಲಾರದವರು, ಬುದ್ಧಿ ಕಡಿಮೆಯಿದ್ದು ಓದಲಾರದವರು ಎಂಬ ಎರಡು ಗುಂಪುಗಳ ತೊಡಕೇ ಬೇರೆ ಬೇರೆಯಾಗಿದ್ದರೆ ಇದೆ ಎನ್ನಬಹುದಾಗಿತ್ತು. ೧೯೮೦, ೯೦ರ ದಶಕಗಳಲ್ಲಿ ಲಿಂಡಾ ಸೀಗಲ್, ಕೀತ್ ಸ್ಟಾನೊವಿಚ್ ಮೊದಲಾದವರು ಇದನ್ನೇ ಪರೀಕ್ಷಿಸಿದರು. ಪದವನ್ನು ಧ್ವನಿಗಳಾಗಿ ಬಿಡಿಸುವ, ಅಪರಿಚಿತ ಪದವನ್ನು ಓದುವ ಮೂಲಸಾಮರ್ಥ್ಯದಲ್ಲಿ ಎರಡು ಗುಂಪುಗಳೂ ಬಹುಮಟ್ಟಿಗೆ ಒಂದೇ ಬಗೆಯಾಗಿ ಎಡವುತ್ತಿದ್ದವು. ಇಂಥ ಮಕ್ಕಳು ಪ್ರಾಸ ಗುರುತಿಸುವಾಗ ಮಿದುಳಿನ ಚಟುವಟಿಕೆಯಲ್ಲಿ ಕಾಣುವ ಕೊರತೆಯೂ ಎರಡು ಗುಂಪುಗಳಲ್ಲಿ ಸಮಾನವೆಂದು ೨೦೧೧ರಲ್ಲಿ ಪ್ರಕಟವಾದ ಅಮೆರಿಕೆಯ ಅಧ್ಯಯನವೊಂದು ತೋರಿಸಿತು. ಅಮೆರಿಕೆಯ ೨೦೦೪ರ ಕಾನೂನು ಬುದ್ಧಿಲಬ್ಧಕ್ಕೂ ಓದಿಗೂ ಅಂತರವಿರಲೇಬೇಕೆಂದು ರಾಜ್ಯಗಳು ಶಾಲೆಗಳ ಮೇಲೆ ಹೇರುವುದನ್ನು ತಡೆಯಿತು. ಇಂಗ್ಲೆಂಡಿನಲ್ಲಿ ೨೦೦೯ರ ರೋಸ್ ವರದಿ, ಓದುತೊಡಕು ಬುದ್ಧಿಯ ಎಲ್ಲ ಮಟ್ಟಗಳಲ್ಲೂ ಕಂಡುಬರುತ್ತದೆಂದು ಸ್ಪಷ್ಟವಾಗಿ ಹೇಳಿತು. ಓದಿದ್ದರ ಅರ್ಥಗ್ರಹಣಕ್ಕೂ ಸಾಮಾನ್ಯ ಬುದ್ಧಿಗೂ ಸಂಬಂಧವುಂಟೆಂಬುದು ನಿಜ. ಆದರೆ ಅಕ್ಷರ ಕೂಡಿಸಿ ಓದಲಾರದ ಮಗುವಿಗೆ ಮೊದಲು ಬೇಕಾದ ಪಾಠ ಅದರ ಬುದ್ಧಿಲಬ್ಧ ೮೦ ಆದರೂ ೧೨೦ ಆದರೂ ಒಂದೇ.

ಇನ್ನೊಂದು ಸೂಕ್ಷ್ಮವೂ ಉಂಟು. ಶಬ್ದಸಂಪತ್ತೂ ಲೋಕಜ್ಞಾನವೂ ಬಹುಪಾಲು ಓದಿನಿಂದಲೇ ಬೆಳೆಯುತ್ತವೆ. ಓದಲಾರದ ಮಗು ವರ್ಷ ಕಳೆದಂತೆ ಅವುಗಳಲ್ಲಿಯೂ ಹಿಂದೆ ಬೀಳುತ್ತದೆ. ಆಗ ಬುದ್ಧಿಮಾಪಕದ ಮಾತಿನ ಭಾಗದಲ್ಲಿ ಅದರ ಅಂಕಿಯೂ ಇಳಿಯುತ್ತದೆ. ಅಂದರೆ ತೊಡಕಿನ ಫಲವನ್ನೇ ಅಳೆದು, ಬುದ್ಧಿ ಸಾಲದೆಂದು ಹೇಳಿ, ತೊಡಕಿಗೆ ನೆರವಿಲ್ಲವೆಂದಂತಾಯಿತು. ಕಾಫಿ ಸೀಮೆಯವರಿಗೆ ಇದನ್ನು ವಿವರಿಸುವುದು ಸುಲಭ. ಬೀಜವನ್ನು ಜರಡಿಯಾಡಿ ಗಾತ್ರಕ್ಕೆ ತಕ್ಕಂತೆ ದರ್ಜೆ ಮಾಡುತ್ತಾರೆ; ರುಚಿ ತಿಳಿಯಬೇಕಾದರೆ ಹುರಿದು, ಪುಡಿಮಾಡಿ, ಬಟ್ಟಲಿಗೆ ಹಾಕಿ ಸವಿದೇ ನೋಡುತ್ತಾರೆ. ಗಾತ್ರ ಹೇಳುವ ಜರಡಿಯನ್ನು ರುಚಿ ಹೇಳೆಂದು ಯಾರೂ ಕೇಳುವುದಿಲ್ಲ.

೬

ಈ ಸೀಮೆಯ ಶಾಲೆಯ ಕಡೆಗೆ ಈಗ ತಿರುಗೋಣ. ತೋಟದ ಲೈನ್ ಮನೆಯಲ್ಲಿ ಬೆಳೆಯುತ್ತಿರುವ, ಮೂರನೆಯ ತರಗತಿಯ ಒಂದು ಮಗುವನ್ನು ಕಲ್ಪಿಸಿಕೊಳ್ಳಬಹುದು. ಮನೆಯ ಮಾತು ತುಳುವೋ ತಮಿಳೋ ಕೊಂಕಣಿಯೋ ಆಗಿದ್ದೀತು. ಈಚಿನ ವರ್ಷಗಳಲ್ಲಿ ಅಸ್ಸಾಮಿನಿಂದ ಕೂಲಿಗೆ ಬಂದ ಕುಟುಂಬದ ಮಗುವೂ ಅದೇ ಬೆಂಚಿನಲ್ಲಿ ಕುಳಿತಿದ್ದೀತು. ಜೂನ್, ಜುಲೈಯಲ್ಲಿ ಮಳೆ ಹಿಡಿದರೆ ಹಳ್ಳ ತುಂಬಿ ಶಾಲೆಗೆ ರಜೆ. ನವೆಂಬರಿನಿಂದ ಅರೇಬಿಕಾ ಕೊಯ್ಲು, ಅದರ ಹಿಂದೆಯೇ ರೊಬಸ್ಟಾ. ತಾಯಿತಂದೆ ಬೆಳಗಾಗುತ್ತಲೇ ಹಣ್ಣು ಕೊಯ್ಯಲು ಹೊರಟರೆ ಕಿರಿಯ ಮಗುವನ್ನು ನೋಡಿಕೊಳ್ಳುವ ಕೆಲಸ ಹಿರಿಯದರ ಪಾಲಿಗೆ. ಈ ಮಗು ಓದುವುದಿಲ್ಲವೆಂದರೆ ಉಪಾಧ್ಯಾಯರು ಕೊಡುವ ಕಾರಣ ಸಿದ್ಧವಾಗಿಯೇ ಇದೆ: ಮನೆಯಲ್ಲಿ ಕನ್ನಡವಿಲ್ಲ, ಶಾಲೆಗೆ ಸರಿಯಾಗಿ ಬರುವುದಿಲ್ಲ. ಕಾರಣ ನಿಜವಿದ್ದೀತು. ಆದರೆ ಅದೇ ಸಾಲಿನ, ಅದೇ ಮಳೆ ಅದೇ ಕೊಯ್ಲಿನ ಇತರ ಮಕ್ಕಳು ಓದುತ್ತಿದ್ದು ಈ ಮಗು ಮಾತ್ರ ನಿಂತಲ್ಲೇ ನಿಂತಿದ್ದರೆ ಆ ಕಾರಣ ಸಾಲದು. ೧೯೬೮ರ ವ್ಯಾಖ್ಯೆಯ ಅವಕಾಶವೆಂಬ ಷರತ್ತು ಕಣ್ಣು ಮುಚ್ಚಿಸುವುದು ಇಲ್ಲಿಯೇ.

ಲಿಪಿಯ ಸ್ವಭಾವವನ್ನೂ ಗಮನಿಸತಕ್ಕದ್ದು. ಕನ್ನಡದಲ್ಲಿ ಬರೆದಂತೆ ಓದುವುದು ಬಹುಮಟ್ಟಿಗೆ ಸಾಧ್ಯ; ಆದರೆ ಕಲಿಯಬೇಕಾದ ರೂಪಗಳು ಅಪಾರ. ೩೪ ವ್ಯಂಜನಗಳ ಗುಣಿತರೂಪಗಳೇ ನಾನ್ನೂರನ್ನು ಮೀರುತ್ತವೆ, ಒತ್ತಕ್ಷರಗಳು ಬೇರೆ. ಇವುಗಳ ಕಲಿಕೆ ಒಂದೆರಡು ವರ್ಷದಲ್ಲಿ ಮುಗಿಯದೆ ನಾಲ್ಕನೆಯ ತರಗತಿಯವರೆಗೂ ಅದಕ್ಕೆ ಮುಂದೆಯೂ ಚಾಚುತ್ತದೆಂದು ಸೊನಾಲಿ ನಾಗ್ ಅವರು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ. ಆದ್ದರಿಂದ ಇಂಗ್ಲಿಷಿನ ಮಕ್ಕಳಿಗೆ ಮಾಡಿದ ವೇಗದ ಲೆಕ್ಕವನ್ನು ಇಲ್ಲಿಗೆ ತಂದರೆ ತೊಡಕಿಲ್ಲದ ಮಗುವೂ ತೊಡಕಿನದಾಗಿ ತೋರೀತು. ಆಡುಮಾತಿನಲ್ಲಿ ಮಹಾಪ್ರಾಣ ಸವೆದಿರುವ ಮನೆಯ ಮಗು ಬರೆಹದಲ್ಲಿಯೂ ಅದನ್ನು ಬಿಟ್ಟರೆ ಅದೂ ತೊಡಕಲ್ಲ. ಅಕ್ಷರ ಅಕ್ಷರಕ್ಕೂ ತಡೆದು ನಿಲ್ಲುವುದು, ದೀರ್ಘವನ್ನೂ ಒತ್ತನ್ನೂ ಎಷ್ಟು ತಿದ್ದಿದರೂ ಮರಳಿ ತಪ್ಪುವುದು, ಕಲಿತದ್ದು ವಾರದಲ್ಲಿ ಮಾಯವಾಗುವುದು ಇವು ಗಮನಿಸಬೇಕಾದ ಗುರುತುಗಳು. ಇವನ್ನು ಕಾಣಬಲ್ಲವರು ದಿನವೂ ಮಗುವಿನ ಎದುರಿಗಿರುವ ಉಪಾಧ್ಯಾಯರೇ ಹೊರತು ಒಂದು ಮಧ್ಯಾಹ್ನ ಭೇಟಿಯಾಗುವ ಪರೀಕ್ಷಕರಲ್ಲ.

ದೂರದ ಮಾತೂ ಇದೆ. ಮೂಡಿಗೆರೆಯಿಂದ ಜಿಲ್ಲಾ ಕೇಂದ್ರಕ್ಕೆ ಸುಮಾರು ೩೦ ಕಿಲೋಮೀಟರು. ಕಳಸದಿಂದ ಸುಮಾರು ೯೦, ಅದೂ ಘಟ್ಟದ ರಸ್ತೆ. ದಿನಗೂಲಿಯ ತಂದೆಗೆ ಒಂದು ಪರೀಕ್ಷೆಯೆಂದರೆ ಒಂದು ದಿನದ ಕೂಲಿ ಹೋದಂತೆ. ವೈದ್ಯರು, ಮನಶ್ಶಾಸ್ತ್ರಜ್ಞರು, ಪ್ರಮಾಣಪತ್ರದ ಮಂಡಳಿ ಎಂದು ಮೂರು ಸಲ ಅಲೆದಾಡಿದರೆ ಕೊಯ್ಲಿನ ಹಂಗಾಮಿನಲ್ಲಿ ಮೂರು ದಿನದ ದುಡಿಮೆ ಹೋಯಿತು. ಬೆಂಗಳೂರಿನ ಅನುಕೂಲಸ್ಥರ ಮಗು ಈ ಪ್ರಮಾಣಪತ್ರವನ್ನು ಪಡೆದು ಪರೀಕ್ಷೆಯಲ್ಲಿ ಹೆಚ್ಚಿನ ಸಮಯವನ್ನೂ ಬರೆದುಕೊಡುವವರ ನೆರವನ್ನೂ ಹೊಂದುತ್ತದೆ; ಹೊಂದಲಿ, ಅದು ಅದರ ಹಕ್ಕು. ಲೈನ್ ಮನೆಯ ಮಗು ಶಾಲೆಯನ್ನೇ ಬಿಡುತ್ತದೆ.

೭

ಇಲ್ಲಿ ಕೆಲವು ಆಕ್ಷೇಪಗಳು ಏಳಬಹುದು. ಅಳತೆಯೇ ಇಲ್ಲದಿದ್ದರೆ ರಿಯಾಯಿತಿಯ ದುರುಪಯೋಗವಾಗದೆ? ಬೌದ್ಧಿಕ ನ್ಯೂನತೆಯಿರುವ ಮಗುವಿಗೆ ಬೇಕಾದ ಬೇರೆ ಬಗೆಯ ನೆರವು ತಪ್ಪಿಹೋಗದೆ? ಎರಡೂ ನ್ಯಾಯವಾದ ಪ್ರಶ್ನೆಗಳೇ. ಬುದ್ಧಿಮಾಪನವನ್ನು ತ್ಯಜಿಸಬೇಕೆಂದು ನಾವು ಹೇಳುತ್ತಿಲ್ಲ. ನುರಿತವರ ಕೈಯಲ್ಲಿ ಅದು ಮಗುವಿನ ಬಲವನ್ನೂ ದೌರ್ಬಲ್ಯವನ್ನೂ ತಿಳಿಸಬಲ್ಲದು. ಬೌದ್ಧಿಕ ನ್ಯೂನತೆಯ ನಿರ್ಣಯದಲ್ಲಿ ಅದಕ್ಕೆ ಸ್ಥಾನವಿದೆ. ನಮ್ಮ ವಾದ ಇಷ್ಟೇ: ಬೋಧನೆಯ ನೆರವು ಬೇರೆ, ಪರೀಕ್ಷೆಯ ರಿಯಾಯಿತಿ ಬೇರೆ. ಎರಡನೆಯದಕ್ಕೆ ಪ್ರಮಾಣಪತ್ರ ಬೇಕಾದರೆ ಬೇಕಾಗಲಿ. ಅಲ್ಲಿಯೂ ಅಳೆಯಬೇಕಾದದ್ದು ಓದನ್ನೂ ಬರೆಹವನ್ನೂ. ೮೫ರ ಗೆರೆ ಅಲ್ಲಿಯೂ ಅನಾವಶ್ಯಕ. ಮೊದಲನೆಯದಕ್ಕೆ ಯಾವ ಪ್ರಮಾಣಪತ್ರವೂ ಬೇಡ. ಒಂದು ಮಗುವಿಗೆ ದಿನಕ್ಕೆ ಅರ್ಧ ಗಂಟೆ ಅಕ್ಷರ, ಗುಣಿತ, ಒತ್ತುಗಳನ್ನು ಕ್ರಮವಾಗಿ ಕಲಿಸಿದರೆ ಅದರ ದುರುಪಯೋಗ ಮಾಡಿಕೊಳ್ಳುವವರು ಯಾರು?

ಇದಕ್ಕೆ ಬೇಕಾದ ಉಪಕರಣ ನಮ್ಮಲ್ಲಿ ಆಗಲೇ ಇದೆ. ೧೯೯೫ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿದ ನಲಿ-ಕಲಿ ಪದ್ಧತಿಯಲ್ಲಿ ಮೊದಲ ಮೂರು ತರಗತಿಗಳ ಮಕ್ಕಳು ಕಲಿಕೆಯ ಏಣಿಯನ್ನು ತಮ್ಮ ತಮ್ಮ ವೇಗದಲ್ಲಿ ಏರುತ್ತಾರೆ. ಯಾವ ಮಗು ಯಾವ ಮೆಟ್ಟಿಲಿನಲ್ಲಿ ಎಷ್ಟು ದಿನ ನಿಂತಿದೆಯೆಂಬುದು ಅದರ ಪ್ರಗತಿನೋಟದಿಂದಲೇ ತಿಳಿಯುತ್ತದೆ. ಈ ದಾಖಲೆಯನ್ನು ಎರಡನೆಯ ತರಗತಿಯಲ್ಲಿಯೇ ಓದುತೊಡಕಿನ ಕಣ್ಣಿನಿಂದ ನೋಡಿದರೆ ಎಂಟು ವರ್ಷ ತುಂಬುವವರೆಗೆ ಕಾಯಬೇಕಿಲ್ಲ. ಆದರೆ ನಾಲ್ಕನೆಯ ತರಗತಿಗೆ ಹೋದೊಡನೆ ಏಣಿ ಮುಗಿದು ಪುಸ್ತಕ ಬರುತ್ತದೆ. ಏಣಿಯ ನಡುವೆ ನಿಂತ ಮಗು ಅಲ್ಲಿಯೇ ಉಳಿಯುತ್ತದೆ. ಆ ಮಗುವಿಗೆ ಏಣಿಯನ್ನು ಇನ್ನೆರಡು ವರ್ಷ ಇರಗೊಡಿಸುವುದು ಶಿಕ್ಷಣ ಇಲಾಖೆಯ ಕೈಯಲ್ಲಿದೆ. ಶಿಕ್ಷಕರ ತರಬೇತಿ ಕಾಲೇಜುಗಳಲ್ಲಿ ಬುದ್ಧಿಮಾಪನದ ಇತಿಹಾಸಕ್ಕೆ ಕೊಡುವ ಗಂಟೆಗಳಲ್ಲಿ ಕೆಲವನ್ನಾದರೂ ಕನ್ನಡದ ಓದು ಹೇಗೆ ಕೂಡಿಬರುತ್ತದೆಂಬ ವಿಷಯಕ್ಕೆ ಕೊಡುವುದು ನಮ್ಮಂಥವರ ಕೈಯಲ್ಲಿದೆ.

ಮೂಡಿಗೆರೆಯ ಕಾಡಂಚಿನಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೋ’ ಕಾದಂಬರಿ ೧೯೮೦ರಲ್ಲಿ ಹೊರಬಂತು. ಊರಿನವರ ಕಣ್ಣಿಗೆ ಕೆಲಸಕ್ಕೆ ಬಾರದವನಾದ ಮಂದಣ್ಣನಲ್ಲಿ ಹುಟ್ಟು ಪ್ರಕೃತಿಶಾಸ್ತ್ರಜ್ಞನನ್ನು ವಿಜ್ಞಾನಿ ಕರ್ವಾಲೋ ಕಾಣುತ್ತಾನೆ. ಕಾದಂಬರಿ ಶಾಸ್ತ್ರಕ್ಕೆ ಪ್ರಮಾಣವಲ್ಲ, ನಿಜ. ಆದರೆ ಕರ್ವಾಲೋ ಮಂದಣ್ಣನ ಬುದ್ಧಿಯನ್ನು ಅಳೆದು ಆಮೇಲೆ ಅವನ ಜೊತೆ ಕಾಡಿಗೆ ಹೊರಡಲಿಲ್ಲ. ಜೊತೆಯಲ್ಲಿ ಹೋಗಿ ನೋಡಿ ತಿಳಿದನು. ಕಲಿಸುವವರಿಗೂ ಕ್ರಮ ಇದೇ. ಮೊದಲು ಕಲಿಸಬೇಕು, ಕಲಿಸುತ್ತ ನೋಡಬೇಕು, ಕಲಿಸಿಯೂ ಬಾರದಿದ್ದಾಗ ಮಾತ್ರ ಅಳತೆಗೋಲನ್ನು ಕೈಗೆ ತೆಗೆದುಕೊಳ್ಳಬೇಕು. ಅಧಿನಿಯಮದ ಮೂಲಪಾಠ ಹೇಳುವುದೂ ಇದನ್ನೇ ಎಂದು ನಾವು ಓದಿದ್ದೇವೆ.